ಫ್ರಾಂಕ್‌ಫರ್ಟ್ ನಡಿಗೆ ಟೂರ್: ಕಥೆ ಚೆನ್ನ, ಅವಸರ ಜಾಸ್ತಿ

ಮಗಳ ಮನೆಗೆ ಬಂದವನು ಪೌಲ್ಸ್‌ಕಿರ್ಖೆ ತೋರಿಸುವ ಟೂರ್‌ಗೆ ಸೇರಿಕೊಂಡೆ. 1848ರ ಮೇ 18ರಂದು ಜರ್ಮನಿಗೆ ಸಂವಿಧಾನ ಬರೆಯುವ ಸಭೆ ಸೇರಿದ್ದು ಇದೇ ಚರ್ಚಿನಲ್ಲಿ.

ಗೈಡಮ್ಮ ಓಟಿನ ಜಗಳದಿಂದಲೇ ಶುರು ಮಾಡಿದರು. ವಯಸ್ಸಿಗೆ ಬಂದ, ಸ್ವತಂತ್ರವಾಗಿ ಬದುಕುವ ಗಂಡಸರಿಗೆಲ್ಲ ಓಟು ಅಂತ ಅದಕ್ಕೂ ಮುಂಚೆ ಸೇರಿದ್ದ ಸಭೆ ಹೇಳಿತ್ತು. ಸ್ವತಂತ್ರ ಅಂದ್ರೆ ಯಾರು? ಅದನ್ನು ಆಯಾ ರಾಜ್ಯಕ್ಕೇ ಬಿಟ್ಟರು. ಕೆಲವು ಕಡೆ ಮನೆಯಾಳು, ಕೂಲಿಯವರನ್ನೇ ಹೊರಗಿಟ್ಟರು. ಹೆಂಗಸರಿಗೆ ಓಟೇ ಇಲ್ಲ, ಗ್ಯಾಲರಿಯಲ್ಲಿ ಕೂತು ಕೇಳಬಹುದಿತ್ತು ಅಷ್ಟೇ. ಹೆಚ್ಚಿನ ಕಡೆ ಜನ ಆರಿಸಿದ್ದೂ ಸದಸ್ಯರನ್ನಲ್ಲ, ಸದಸ್ಯರನ್ನು ಆರಿಸುವವರನ್ನು! ಮತಗಟ್ಟೆ ಡ್ಯೂಟಿಯಲ್ಲಿ ಪಳಗಿದ ಮೇಷ್ಟ್ರು ನಾನು, ಮೈಯೆಲ್ಲಾ ಕಿವಿಯಾಗಿ ಕೇಳಿದೆ.

ಒಳಗೆ ಹೋದ ಮೇಲೆ ಮಾತ್ರ ಓಡಿಸಿಬಿಟ್ಟರು. ಕೆಳಗಿನ ಹಜಾರದಲ್ಲಿ ಯೋಹಾನೆಸ್ ಗ್ರುಟ್ಸ್‌ಕೆ ಬಿಡಿಸಿದ ದೊಡ್ಡ ಚಿತ್ರವಿದೆ. ಕಪ್ಪು ಬಟ್ಟೆಯ ಸದಸ್ಯರು ಸುತ್ತಲೂ ಸಾಲಾಗಿ ನಡೆಯುತ್ತಾರೆ. ಅದರ ಮುಂದೆ ನಿಲ್ಲೋಕೇ ಬಿಡಲಿಲ್ಲ. 1944ರ ಬಾಂಬಿಗೆ ಸುಟ್ಟು, 1948ರಲ್ಲಿ ಮತ್ತೆ ಎದ್ದ ಕಟ್ಟಡ ಅನ್ನೋದನ್ನೂ ಬಾಗಿಲು ದಾಟುವಾಗ ಹೇಳಿ ಮುಗಿಸಿದರು. ಪ್ರವೇಶಕ್ಕೆ ಕಾಸಿಲ್ಲ, ಹಾಗಾಗಿ ಟೂರ್ ಮುಗಿದ ಮೇಲೆ ಒಬ್ಬನೇ ಹೋಗಿ ನಿಧಾನಕ್ಕೆ ನೋಡಿಕೊಂಡು ಬಂದೆ.

ಕಥೆಗೆ ಐದು ಸ್ಟಾರ್, ಅವಸರಕ್ಕೆ ಎರಡು ಕಟ್.