ಸಂಸತ್ತಿನ ಪ್ರಶ್ನೋತ್ತರ ತಾಣ: ಫೀಸಿಲ್ಲದ ಸೇವೆ, ಆದರೆ ಓದುವ ಕ್ರಮ ಗೊತ್ತಿರಬೇಕು

ಸರಕಾರದಿಂದ ಏನಾದರೂ ಮಾಹಿತಿ ಬೇಕಾದರೆ ನಮ್ಮ ಕಾಸರಗೋಡಿನವರು ಮೊದಲು ಯೋಚಿಸುವುದು ಮಾಹಿತಿ ಹಕ್ಕಿನ ಅರ್ಜಿ. ಅದಕ್ಕೂ ಮೊದಲು ಸಂಸದ್ ಜಾಲತಾಣದ ಪ್ರಶ್ನೋತ್ತರ ವಿಭಾಗ ಒಮ್ಮೆ ತೆರೆದು ನೋಡಿ. ನಿಮ್ಮ ಪ್ರಶ್ನೆಯನ್ನು ಯಾರೋ ಸಂಸದರು ಆಗಲೇ ಕೇಳಿರಬಹುದು. ಅರ್ಜಿ ಬೇಡ, ಫೀಸೂ ಬೇಡ. ಸಂಸದರ ಹೆಸರು, ಸಚಿವಾಲಯ, ಅಧಿವೇಶನ ಹಾಕಿ ಹುಡುಕಬಹುದು. ಕಾಞಂಗಾಡು-ಕಾಣಿಯೂರು ರೈಲು ಮಾರ್ಗದ ಬಗ್ಗೆ ಚಹಾದಂಗಡಿಯಲ್ಲಿ ವಾದ ಮಾಡುವವರು ರೈಲ್ವೆ ಸಚಿವಾಲಯದಿಂದ ಶುರು ಮಾಡಲಿ.

ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸಚಿವರು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸಬೇಕಾದದ್ದು, 20. ಟಿವಿಯಲ್ಲಿ ಕಾಣುವುದು ಇವೇ. ಚುಕ್ಕೆ ಇಲ್ಲದವು 230, ಅವಕ್ಕೆ ಉತ್ತರ ಬರವಣಿಗೆಯಲ್ಲಿ ಮಾತ್ರ. ಉಪಪ್ರಶ್ನೆ ಕೇಳಿ ಸಚಿವರನ್ನು ಸದನದಲ್ಲೇ ಹಿಡಿಯುವ ಅವಕಾಶ ಇಲ್ಲ, ಅದು ದೊಡ್ಡ ಕೊರತೆ. ಆದರೂ ನಿಜವಾದ ಮಾಲು ಇರುವುದು ಇದರಲ್ಲೇ.

ಉತ್ತರದ ಗುಣಮಟ್ಟ ಮಾತ್ರ ಪ್ರಶ್ನೆ ಹೇಗಿದೆ ಅನ್ನುವುದರ ಮೇಲೆ ನಿಂತಿದೆ. ಎಂಡೋಸಲ್ಫಾನ್ ಕೀಟನಾಶಕದ ವಿಷಯವನ್ನೇ ತೆಗೆದುಕೊಳ್ಳಿ. ಸಂತ್ರಸ್ತರಿಗೆ ತಲಾ 5 ಲಕ್ಷ ಮೂರು ತಿಂಗಳೊಳಗೆ ಕೊಡಿ ಅಂತ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಇದರ ಮೇಲೆ 'ಸರಕಾರ ಕ್ರಮ ಕೈಗೊಂಡಿದೆಯೇ?' ಅಂತ ಕೇಳಿದರೆ ಸುಮ್ನೆ 'ಹೌದು' ಅಂದು ಮುಗಿಸಬಹುದು. ಎಷ್ಟು ಜನರಿಗೆ ಕೊಟ್ಟಿದ್ದೀರಿ, ಯಾವ ತಾರೀಕಿಗೆ, ಎಷ್ಟು ಬಾಕಿ, ಪಂಚಾಯತುವಾರು ಪಟ್ಟಿ ಕೊಡಿ ಅಂತ ಕೇಳಿದರೆ ಅಂಕಿ ಕೊಡಲೇಬೇಕಾಗುತ್ತದೆ, ಇಲ್ಲವಾದರೆ ಅಂಕಿ ಇಲ್ಲ ಅಂತ ಬರೆದು ಕೊಡಬೇಕು. 'ಇಲ್ಲ' ಅನ್ನುವುದು ಬರವಣಿಗೆಯಲ್ಲಿ ಸಿಕ್ಕಿದರೂ ದೊಡ್ಡ ವಿಷಯವೇ, ಮಾರಾಯ್ರೆ. ಉದಾಹರಣೆಗೆ, 2020ರ ಸೆಪ್ಟೆಂಬರಿನಲ್ಲಿ ಕೊರೊನಾ ಅಂತ ಪ್ರಶ್ನೋತ್ತರ ಅವಧಿಯನ್ನೇ ಕೈಬಿಟ್ಟಿದ್ದರು, ಲಿಖಿತ ಉತ್ತರ ಮಾತ್ರ ಉಳಿದಿತ್ತು. ಲಾಕ್‌ಡೌನಿನಲ್ಲಿ ಊರಿಗೆ ಮರಳುವಾಗ ಸತ್ತ ವಲಸೆ ಕಾರ್ಮಿಕರೆಷ್ಟು ಅಂತ ಕೇಳಿದರೆ ಅಂಥ ಲೆಕ್ಕ ಇಟ್ಟಿಲ್ಲ, ಹಾಗಾಗಿ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ ಅಂತ ಕಾರ್ಮಿಕ ಸಚಿವಾಲಯ ಬರೆದು ಕೊಟ್ಟಿತು. ದೇಶವೆಲ್ಲ ಚರ್ಚೆಯಾದದ್ದು ಆ ಒಂದು ಹಾಳೆಯಿಂದ.

'ಮಾಹಿತಿ ಸಂಗ್ರಹಿಸಲಾಗುತ್ತಿದೆ' ಅಂತ ಕಂಡರೆ ಬೇಜಾರಾಗಿ ಪುಟ ಮುಚ್ಚಬೇಡಿ. ಅದನ್ನು ಸದನಕ್ಕೆ ಕೊಟ್ಟ ಭರವಸೆ ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಮೂರು ತಿಂಗಳಲ್ಲಿ ಪೂರೈಸಬೇಕು, ಬೆನ್ನು ಹತ್ತಲು ಒಂದು ಸಮಿತಿಯೇ ಇದೆ. ಅದರ ವರದಿಗಳನ್ನೂ ಓದಬಹುದು, ಸ್ವಲ್ಪ ತಾಳ್ಮೆ ಬೇಕು ಅಷ್ಟೆ.

ಆಸ್ಪತ್ರೆ, ಶಾಲೆ, ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಇಂಥ ರಾಜ್ಯದ ವಿಷಯಕ್ಕೆ ಕೇರಳ ನಿಯಮಸಭೆಯ (ವಿಧಾನಸಭೆಯ) ತಾಣ ನೋಡಬೇಕು. ಅಲ್ಲಿ ನಮಗೆ ಭಾಷೆಯ ತೊಡಕು. 2021ರಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು, ಖುಷಿಯಾಯಿತು, ಆದರೆ ಉತ್ತರಗಳು ಬರುವುದು ಮಲಯಾಳದಲ್ಲಿ. ಕನ್ನಡ ಮೀಡಿಯಂನಲ್ಲಿ ಓದಿದ ಹಿರಿಯರಿಗೆ ಕಷ್ಟ. ಕನ್ನಡದಲ್ಲಿ ಸರಕಾರಕ್ಕೆ ಪತ್ರ ಬರೆದರೆ ಕನ್ನಡದಲ್ಲೇ ಉತ್ತರ ಕೊಡಬೇಕು ಅಂತ 1969ರ ಕಾನೂನು ಇದೆ, ಹಾಗಿರುವಾಗ ನಮ್ಮ ಜಿಲ್ಲೆಯ ಉತ್ತರಗಳಿಗಾದರೂ ಒಂದು ಕನ್ನಡ ಪ್ರತಿ ಹಾಕಬಹುದು ಅಲ್ವಾ? ದೆಹಲಿಯದ್ದು ಇಂಗ್ಲಿಷ್, ಹಿಂದಿ.

ಸಂಸದ್ ತಾಣಕ್ಕೆ ನನ್ನ ಅಂಕ ಐದರಲ್ಲಿ ನಾಲ್ಕು, ನಿಯಮಸಭೆಯದ್ದಕ್ಕೆ ಮೂರು. ಮತ್ತೆ, ಉತ್ತರದ ಮೊದಲ ಪುಟ ಓದಿ ಬಿಡಬೇಡಿ, ಕೊನೆಗೆ ಅನುಬಂಧ ಇದ್ದರೆ ಅದನ್ನೂ ತೆರೆಯಿರಿ. ಜಿಲ್ಲಾವಾರು ಪಟ್ಟಿ ಸಾಮಾನ್ಯವಾಗಿ ಇರುವುದು ಅಲ್ಲೇ.