ಮೈಸೂರಲ್ಲಿ ಎಂಎ ಓದುವಾಗ ಎಲ್ಲಿರಬೇಕು? ಅಪ್ ಅಂಡ್ ಡೌನ್, ಹಾಸ್ಟೆಲ್, ಪಿಜಿ, ಬಾಡಿಗೆ ಮನೆ: ನಾಲ್ಕರಲ್ಲೂ ಇದ್ದು ನೋಡಿದ ಮೇಲೆ

ಇತಿಹಾಸದಲ್ಲಿ ಎಂಎ ಮುಗಿಸುವಷ್ಟರಲ್ಲಿ ನಾಲ್ಕು ಥರವೂ ಇದ್ದು ನೋಡಿದ್ದೇನೆ. ಮೊದಲು ಮಂಡ್ಯ ಕಡೆಯ ನಮ್ಮೂರಿಂದ ದಿನಾ ಓಡಾಟ, ಆಮೇಲೆ ಹಾಸ್ಟೆಲ್, ನಡುವೆ ಪಿಜಿ, ಕೊನೆಗೆ ಗೆಳತಿಯರ ಜೊತೆ ಬಾಡಿಗೆ ಮನೆ. ಈಗ ಊರಿನ ಹುಡುಗಿಯರು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್ಸಿಗೆ ಸೇರುವಾಗ ‘ಅಕ್ಕ, ಎಲ್ಲಿದ್ರೆ ಒಳ್ಳೇದು?’ ಅಂತ ಫೋನ್ ಮಾಡುತ್ತಾರೆ. ನನ್ನ ಉತ್ತರ ಇದು: ಮೊದಲ ವರ್ಷ ಏನೇ ಕಷ್ಟ ಆದರೂ ಹಾಸ್ಟೆಲ್ ಹಿಡಿಯಿರಿ. ಕೊನೆಯ ಸೆಮಿಸ್ಟರ್‌ಗೆ ಕೈಲಾದರೆ ಮನೆ ಮಾಡಿ. ಬೇರೆ ದಾರಿಯೇ ಇಲ್ಲದಿದ್ದರೆ ಪಿಜಿ. ಅಪ್ ಅಂಡ್ ಡೌನ್ ಮಾತ್ರ, ಮನೆಯಲ್ಲಿ ನೋಡಿಕೊಳ್ಳಬೇಕಾದವರು ಇದ್ದಾರೆ ಅನ್ನುವಂಥ ಕಾರಣ ಇಲ್ಲದೆ ಆರಿಸಿಕೊಳ್ಳಬೇಡಿ.

ಯಾಕೆ ಇಷ್ಟು ಖಡಾಖಂಡಿತ ಅಂದರೆ, ವಿಶ್ವವಿದ್ಯಾಲಯದ ಬದುಕಿನ ಅರ್ಧ ಭಾಗ ಶುರುವಾಗುವುದೇ ಸಂಜೆ ಐದರ ಮೇಲೆ. ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನುವುದರ ಮೇಲೆ ಆ ಅರ್ಧ ನಿಮಗೆ ಸಿಗುತ್ತದೋ ಇಲ್ಲವೋ ತೀರ್ಮಾನವಾಗುತ್ತದೆ. ಟೈಮ್‌ಟೇಬಲ್, ಸಿಲಬಸ್, ಮೇಷ್ಟ್ರು ಎಲ್ಲರಿಗೂ ಒಂದೇ. ಸಂಜೆ ಮಾತ್ರ ಒಂದೇ ಅಲ್ಲ.

ಅಪ್ ಅಂಡ್ ಡೌನ್

ಮಂಡ್ಯದಿಂದ ಮೈಸೂರು 45 ಕಿಲೋಮೀಟರ್ ಆಸುಪಾಸು. ಹೇಳುವಾಗ ಹತ್ತಿರವೇ. ಆದರೆ ನಮ್ಮೂರಿಂದ ಮಂಡ್ಯಕ್ಕೆ ಬಸ್ಸು, ಅಲ್ಲಿಂದ ರೈಲು, ಮೈಸೂರು ಸ್ಟೇಷನ್ನಿಂದ ಗಂಗೋತ್ರಿಗೆ ಸಿಟಿ ಬಸ್ಸು ಇಲ್ಲವೇ ನಡಿಗೆ. ಹತ್ತು ಗಂಟೆಯ ಕ್ಲಾಸಿಗೆ ಐದೂವರೆಗೆ ಏಳಬೇಕು. ಮನೆ ಊಟ, ಅಮ್ಮ ಕಟ್ಟಿಕೊಟ್ಟ ಡಬ್ಬಿ, ಸೀಸನ್ ಪಾಸಿನ ಸಣ್ಣ ಖರ್ಚು, ಇವೆಲ್ಲ ನಿಜವಾದ ಅನುಕೂಲಗಳೇ. ಲೇಡೀಸ್ ಬೋಗಿಯ ಸಹವಾಸವನ್ನೂ ಮರೆಯಲಾರೆ. ಟೀಚರುಗಳು, ನರ್ಸುಗಳು, ಹೂವಿನ ಕುಕ್ಕೆ ಹಿಡಿದು ಬರುವ ಅಕ್ಕಂದಿರು. ಪರೀಕ್ಷೆ ಹತ್ತಿರ ಬಂದಾಗ ‘ಆ ಮಗೀಗೆ ಸೀಟ್ ಬಿಡ್ರವ್ವ, ಓದ್ಕೊಳ್ಳಿ’ ಅಂತ ಎದ್ದು ಜಾಗ ಕೊಟ್ಟವರು ಅವರು.

ಕಳೆದುಕೊಳ್ಳುವುದು ಏನು ಅನ್ನುವುದು ಆಗ ಗೊತ್ತಾಗುವುದಿಲ್ಲ. ನಾವು ಎಂಎಗೆ 76 ಕ್ರೆಡಿಟ್ ಮುಗಿಸಬೇಕಿತ್ತು. ಕಡ್ಡಾಯದ ಹಾರ್ಡ್ ಕೋರ್, ಆಯ್ಕೆಯ ಸಾಫ್ಟ್ ಕೋರ್, ಬೇರೆ ವಿಭಾಗದ ಓಪನ್ ಎಲೆಕ್ಟಿವ್ ಅಂತ ಪೇಪರುಗಳು ಹಂಚಿಹೋಗಿರುತ್ತವೆ. ಒಂದು ದಿನ ಹತ್ತಕ್ಕೊಂದು ಕ್ಲಾಸು, ಮೂರಕ್ಕೊಂದು ಕ್ಲಾಸು. ಹತ್ತಿರ ಇರುವವರು ನಡುವೆ ರೂಮಿಗೆ ಹೋಗಿ ಉಂಡು, ಓದಿ, ಮತ್ತೆ ಬರುತ್ತಾರೆ. ದೂರದವರು ಮರದ ಕೆಳಗೆ ಕೂತು ದಣಿಯುತ್ತಾರೆ. ನಾಲ್ಕು ಗಂಟೆಗೆ ಹೊರಗಿನ ವಿದ್ವಾಂಸರೊಬ್ಬರ ಉಪನ್ಯಾಸ ಇದ್ದರೆ ಮೊದಲ ಅರ್ಧ ಗಂಟೆ ಕೇಳಿ ಚೀಲ ಎತ್ತಿಕೊಳ್ಳಬೇಕು. ಪ್ರಶ್ನೋತ್ತರದ ಹೊತ್ತಿಗೆ ನಾವು ರೈಲಿನಲ್ಲಿ. ಲೈಬ್ರರಿಯಲ್ಲಿ ಪುಸ್ತಕ ಹುಡುಕಿ ತೆಗೆದು ಕೂರುವಷ್ಟರಲ್ಲಿ ಹೊರಡುವ ಹೊತ್ತು. ಮನೆ ಮುಟ್ಟಿದ ಮೇಲೆ ಹೆಣ್ಣುಮಕ್ಕಳಿಗೆ ಕೆಲಸ ಇದ್ದೇ ಇರುತ್ತದೆ. ‘ಓದಕ್ಕೆ ಹೋಗಿದ್ಲು, ದಣಿದಿದ್ದಾಳೆ’ ಅಂತ ಪಾತ್ರೆ ತಾವಾಗಿ ತೊಳೆದುಕೊಳ್ಳುವುದಿಲ್ಲ.

ನಾನು ಸೇರಿದಾಗ ಶಕ್ತಿ ಯೋಜನೆ ಇರಲಿಲ್ಲ. 2023ರ ಜೂನ್ 11ರಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಇದರಿಂದ ಓದು ನಿಲ್ಲಿಸಬೇಕಾಗಿದ್ದ ಎಷ್ಟೋ ಹುಡುಗಿಯರು ಕಾಲೇಜು ಮುಟ್ಟಿದರು. ನಮ್ಮೂರಲ್ಲೇ ನೋಡಿದ್ದೇನೆ, ಆ ಯೋಜನೆಯ ಬಗ್ಗೆ ನನಗೆ ಗೌರವವಿದೆ. ಜೊತೆಗೇ ಇನ್ನೊಂದನ್ನೂ ನೋಡಿದೆ. ‘ಬಸ್ಸು ಫ್ರೀ ಐತಲ್ಲ, ಹಾಸ್ಟೆಲ್ ಯಾತಕ್ಕೆ?’ ಅನ್ನುವ ಮಾತು ಮನೆಗಳಲ್ಲಿ ಬಂತು. ಟಿಕೆಟ್ಟಿನ ದುಡ್ಡು ಉಳಿಯುತ್ತದೆ, ಸರಿ. ದಿನಕ್ಕೆ ನಾಲ್ಕೈದು ಗಂಟೆ ರಸ್ತೆಯ ಮೇಲೆ ಹೋಗುತ್ತದಲ್ಲ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಗಳನ್ನು ಎಂಎಗೆ ಸೇರಿಸುವ ಅಪ್ಪ ಅಮ್ಮಂದಿರು ದಯವಿಟ್ಟು ಹಿಡಿಯಬೇಕು.

ಹಾಸ್ಟೆಲ್

ನನಗೆ ಸಿಕ್ಕಿದ್ದು ಗಂಗೋತ್ರಿಗೆ ನಡೆದೇ ಹೋಗಬಹುದಾದ ಒಂದು ಮಹಿಳಾ ಹಾಸ್ಟೆಲ್. ಮೈಸೂರಿನಲ್ಲಿ ವಿಶ್ವವಿದ್ಯಾಲಯದ್ದು, ಬಿಸಿಎಂ (ಹಿಂದುಳಿದ ವರ್ಗಗಳ ಕಲ್ಯಾಣ) ಮತ್ತು ಸಮಾಜ ಕಲ್ಯಾಣ ಇಲಾಖೆಗಳದ್ದು, ಸಮುದಾಯದ ಟ್ರಸ್ಟುಗಳದ್ದು ಅಂತ ಬೇರೆ ಬೇರೆ ಹಾಸ್ಟೆಲ್‌ಗಳಿವೆ. ಇಲಾಖೆಯ ಹಾಸ್ಟೆಲ್‌ಗಳಲ್ಲಿ ಊಟ, ವಸತಿ ಉಚಿತ. ಉಳಿದ ಕಡೆ ಸಾಮಾನ್ಯವಾಗಿ ಮೆಸ್ ಬಿಲ್ ಕಟ್ಟಬೇಕು.

ಕಷ್ಟಗಳನ್ನು ಮೊದಲು ಹೇಳುತ್ತೇನೆ. ಮೂವರ ಕೋಣೆಯಲ್ಲಿ ನಾಲ್ವರು. ಬೆಳಿಗ್ಗೆ ಸೋಲಾರ್ ಬಿಸಿನೀರು ಮೊದಲು ಎದ್ದವರಿಗೆ. ಹಾಗಾಗಿ ನಲ್ಲಿಯ ಮುಂದೆ ಬಕೆಟ್‌ಗಳು ರಾತ್ರಿಯೇ ಸಾಲು ನಿಲ್ಲುತ್ತಿದ್ದವು. ಬಕೆಟ್ ಮೇಲೆ ಪೇಂಟಿನಲ್ಲಿ ರೂಮ್ ನಂಬರು. ಯಾರದ್ದಾದರೂ ಹಿಂದೆ ಸರಿಸಿದರೆ ಅಂದಿನ ಬೆಳಗು ಜಗಳದಿಂದಲೇ ಶುರು. ಗೇಟು ಬೇಗ ಹಾಕುತ್ತಿದ್ದರು. ರಂಗಾಯಣದ ಬಹುರೂಪಿ ನಾಟಕೋತ್ಸವ ನಮ್ಮ ಹಾಸ್ಟೆಲ್ಲಿನಿಂದ ಕೂಗಳತೆಯಲ್ಲಿ ನಡೆಯುವಾಗಲೂ, ಸಂಜೆಯ ನಾಟಕ ನೋಡಲು ವಾರ್ಡನ್‌ಗೆ ಪತ್ರ ಬರೆದು, ಮನೆಯಿಂದ ಫೋನ್ ಮಾಡಿಸಿ ಅನುಮತಿ ಪಡೆಯಬೇಕಾಗಿತ್ತು. ಅದೇ ನಾಟಕಕ್ಕೆ ನಮ್ಮ ಕ್ಲಾಸಿನ ಹುಡುಗರು ಯಾರನ್ನೂ ಕೇಳದೆ ಹೋಗಿ ಬರುತ್ತಿದ್ದರು. ಎಂಎ ಓದುವ, ಓಟು ಹಾಕುವ ಹೆಂಗಸರಿಗೆ ಈ ನಿಯಮ ತಪ್ಪು ಎಂದು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಮೆಸ್ಸು ಡಿವೈಡಿಂಗ್ ಪದ್ಧತಿಯದ್ದು. ಅಕ್ಕಿ, ಬೇಳೆ, ತರಕಾರಿ, ಗ್ಯಾಸು ಎಲ್ಲದರ ತಿಂಗಳ ಖರ್ಚನ್ನು ಒಟ್ಟು ಹಾಕಿ ಉಂಡವರ ಲೆಕ್ಕಕ್ಕೆ ಹಂಚುವುದು. ನಮಗೆ ಎರಡೂವರೆ ಸಾವಿರದಿಂದ ಮೂರು ಸಾವಿರದವರೆಗೆ ಬೀಳುತ್ತಿತ್ತು. ಲೆಕ್ಕ ನೋಡುವುದು ವಿದ್ಯಾರ್ಥಿನಿಯರ ಸಮಿತಿ. ಒಂದು ತಿಂಗಳು ಆ ಕೆಲಸ ನನ್ನ ಪಾಲಿಗೆ ಬಂತು. ಬೆಳಗಿನ ಜಾವ ಅಡುಗೆಯವರ ಜೊತೆ ಮಾರ್ಕೆಟ್ಟಿಗೆ ಹೋಗಿ, ಟೊಮೆಟೊ ದರ ಏರಿದ ದಿನ ಹುಣಸೆಹಣ್ಣಿನ ಸಾರಿಗೆ ಬದಲಿಸಿ, ಊಟಕ್ಕೆ ಬಾರದವರ ಹೆಸರು ಹೊಡೆದು, ತಿಂಗಳ ಕೊನೆಗೆ ನೋಟಿಸ್ ಬೋರ್ಡಿನಲ್ಲಿ ಪೈಸೆ ಪೈಸೆಯ ಲೆಕ್ಕ ಅಂಟಿಸುವುದು. ನೂರು ಜನ ಅದನ್ನು ಓದಿ ಪ್ರಶ್ನೆ ಕೇಳುತ್ತಾರೆ. ಇಷ್ಟು ಜವಾಬ್ದಾರಿ ನನಗೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ.

ಇನ್ನು ಹಾಸ್ಟೆಲ್ ಕೊಟ್ಟದ್ದು. ನನ್ನ ರೂಮ್‌ಮೇಟ್ ಬೀದರ್ ಕಡೆಯವಳು, ಕೆಮಿಸ್ಟ್ರಿ ಎಂಎಸ್ಸಿ. ಮೊದಲ ವಾರ ಅವಳ ಕನ್ನಡ ನನಗೆ, ನನ್ನ ಕನ್ನಡ ಅವಳಿಗೆ ಅರ್ಧಂಬರ್ಧ. ಮುದ್ದೆ ಕಂಡರೆ ‘ಇದನ್ನ ಹ್ಯಾಂಗ ನುಂಗ್ತೀರಿ ನೀವು?’ ಅಂತ ಕಣ್ಣರಳಿಸುತ್ತಿದ್ದಳು. ಊರಿಂದ ಬರುವಾಗ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತರುತ್ತಿದ್ದಳು. ಭಾನುವಾರ ರಾತ್ರಿ ಮೆಸ್ಸು ಇಲ್ಲದಾಗ ಕೋಣೆಯ ನಾಲ್ವರೂ ಅದರಲ್ಲೇ ಊಟ ಮುಗಿಸುತ್ತಿದ್ದೆವು. ರಾಜ್ಯದ ಆ ತುದಿಯಲ್ಲಿ ಮಳೆ ಯಾವಾಗ, ಬೆಳೆ ಯಾವುದು, ರಜಾಕಾರರ ಕಾಲದ ಕಥೆಯನ್ನು ಅವಳ ಅಜ್ಜಿ ಹೇಗೆ ಹೇಳುತ್ತಾರೆ, ಇವನ್ನು ಕೇಳಿದ್ದು ಆ ಕೋಣೆಯಲ್ಲಿ. ಬೀದರ್ ಆಗ ಸೇರಿದ್ದ, ನಿಜಾಮರ ಹೈದರಾಬಾದ್ ಸಂಸ್ಥಾನ 1948ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಸೇರಿದ್ದನ್ನು ಪಾಠದಲ್ಲಿ ಓದಿದ್ದೆ. ಅದು ಒಂದು ಮನೆಯೊಳಗೆ ಹೇಗೆ ನೆನಪಾಗಿ ಉಳಿದಿದೆ ಎಂದು ತಿಳಿದದ್ದು ಅವಳಿಂದ.

ಶಾಸನದ ಪೇಪರು ನನಗೆ ಕಬ್ಬಿಣದ ಕಡಲೆಯಾಗಿತ್ತು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸುಮಾರು 7ನೇ ಶತಮಾನದ ನಂದಿಸೇನ ಮುನಿಯ ಶಾಸನವಿದೆ. ಅದರ ಪಾಠವನ್ನು ಮುಂದಿಟ್ಟುಕೊಂಡು ಎಲ್ಲಿ ಪದ ಒಡೆಯಬೇಕು ಎಂದೇ ತಿಳಿಯದೆ ಕೂತಿದ್ದೆ. ಪಕ್ಕದ ಕೋಣೆಯ ಕನ್ನಡ ಎಂಎ ಸೀನಿಯರ್ ಒಬ್ಬರು ಬಟ್ಟೆ ಒಣಗಿಸಲು ಬಂದವರು ನೋಡಿ, ‘ಕೊಡಿಲ್ಲಿ’ ಅಂತ ಒದ್ದೆ ಕೈ ಒರೆಸಿಕೊಂಡು ತೆಗೆದುಕೊಂಡರು. ಮೊದಲು ಅರ್ಥ ಹೇಳಲಿಲ್ಲ, ರಾಗವಾಗಿ ಓದಿದರು. ಎರಡನೇ ಸಲ ಓದುವಾಗ ನನಗೇ ಪದಗಳು ಬಿಡಿಬಿಡಿಯಾಗಿ ಕೇಳತೊಡಗಿದವು. ಸಿರಿ ಸಂಪತ್ತು ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ ತೋರಿ ಮಾಯವಾಗುತ್ತದೆ ಎಂದುಕೊಂಡು ಮುನಿ ಸನ್ಯಸನ ವ್ರತ ಹಿಡಿದು, ಅಂದರೆ ಆಹಾರ ಬಿಟ್ಟು, ದೇವಲೋಕಕ್ಕೆ ಸಲ್ಲುತ್ತಾನೆ. ರಾತ್ರಿ ಹನ್ನೊಂದಕ್ಕೆ ಕಾರಿಡಾರಿನಲ್ಲಿ ಅದನ್ನು ಕೇಳಿದ ಮೇಲೆ ಆ ಪೇಪರಿನ ಹೆದರಿಕೆ ಹೋಯಿತು. ಮುಂದೆ ವಾರಕ್ಕೊಂದು ಶಾಸನ ಇಬ್ಬರೂ ಕೂತು ಓದುವುದೇ ರೂಢಿಯಾಯಿತು. ಸಂಜೆಯೇ ರೈಲು ಹಿಡಿಯುವವಳಿಗೆ ಇದು ಸಿಗುತ್ತಿರಲಿಲ್ಲ.

ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡಿಗೆ, ಹೆಜ್ಜಾರ್ಲೆಗಳು ನೀರಿಗೆ ಇಳಿಯುವುದನ್ನು ನೋಡುವುದು. ದಸರಾಕ್ಕೆ ಮುಂಚೆ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ. 1960ರಲ್ಲಿ ಈ ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರು ಕುವೆಂಪು. ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದ ಓದಿನ ಬದುಕು ಇಂಥ ಹೊತ್ತುಗಳಲ್ಲಿ ಸ್ವಲ್ಪವಾದರೂ ಕೈಗೆ ಸಿಕ್ಕಿತು ಎಂದು ನನ್ನ ನಂಬಿಕೆ.

ಪಿಜಿ

ಹಾಸ್ಟೆಲ್ ಪ್ರವೇಶ ವರ್ಷ ವರ್ಷ ಹೊಸದಾಗಿ ಆಗಬೇಕು. ಮೊದಲ ವರ್ಷ ಮುಗಿದು ಕೋಣೆ ಖಾಲಿ ಮಾಡಿದ ಮೇಲೆ ಸರಸ್ವತಿಪುರಂ ಕಡೆ ಒಂದು ಪಿಜಿ ಸೇರಿದೆ. ಕೆಸೆಟ್ (ಕಾಲೇಜು ಅಧ್ಯಾಪಕರಾಗಲು ಬರೆಯುವ ರಾಜ್ಯದ ಅರ್ಹತಾ ಪರೀಕ್ಷೆ) ಓದಲು ಹಾಸ್ಟೆಲ್ಲಿಗಿಂತ ಶಾಂತಿ ಇರುತ್ತದೆ ಎಂದು ಅಲ್ಲೇ ಮುಂದುವರಿದೆ. ಮೂರು ಶೇರಿಂಗ್, ಊಟ ಸೇರಿ ತಿಂಗಳಿಗೆ 5,500, ಅಡ್ವಾನ್ಸ್ ಬೇರೆ. ಗೀಸರ್, ವಾಷಿಂಗ್ ಮೆಷಿನ್, ವೈಫೈ ಇವೆ. ಬಕೆಟ್ ಸಾಲಿನ ಕಾಟ ಇಲ್ಲ.

ಉಳಿದದ್ದು ಬೇಸರದ ವಿಷಯ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನದ ಡಬ್ಬಿಗೂ ಅದೇ, ರಾತ್ರಿ ನೀರು ಸಾರು. ಕೇಳಿದರೆ ‘ಇಷ್ಟಕ್ಕೆ ಇನ್ನೇನಮ್ಮಾ ಕೊಡಕ್ಕಾಗುತ್ತೆ?’ ಎಂದು ಓನರ್ ಆಂಟಿ. ಕೋಣೆಯ ಇನ್ನಿಬ್ಬರು ಕಂಪನಿ ಕೆಲಸದವರು, ಒಬ್ಬರಿಗೆ ರಾತ್ರಿ ಪಾಳಿ. ಅವರು ಹಗಲು ಮಲಗಬೇಕು, ನಾನು ಹಗಲು ಓದಬೇಕು. ಇಬ್ಬರದ್ದೂ ತಪ್ಪಲ್ಲ. ಆದರೆ ಆ ಮನೆಯಲ್ಲಿ ಇಡೀ ದಿನ ಒಂದು ಪುಸ್ತಕದ ಬಗ್ಗೆ ಮಾತಾಡುವವರು ಯಾರೂ ಇರಲಿಲ್ಲ. ಗೇಟಿನ ಹೊತ್ತು ಇಲ್ಲಿಯೂ ಇತ್ತು. ಬಿಡುವಾಗ ಮೇಂಟೆನೆನ್ಸ್ ಎಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ದುಡ್ಡು ಹಿಡಿದುಕೊಂಡರು. ಸೇರುವಾಗ ಅದರ ಮಾತೇ ಎತ್ತಿರಲಿಲ್ಲ. ಪಿಜಿ ಸೇರುವವರು ಎಷ್ಟು ಹಿಡಿಯುತ್ತಾರೆ, ಎಷ್ಟು ದಿನ ಮುಂಚೆ ಹೇಳಬೇಕು ಎನ್ನುವುದನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ.

ಬಾಡಿಗೆ ಮನೆ

ಕೊನೆಯ ಸೆಮಿಸ್ಟರ್‌ಗೆ ಬೀದರ್ ಗೆಳತಿ, ನಾನು, ಇನ್ನೊಬ್ಬಳು ಸೇರಿ ಮನೆ ಹುಡುಕಿದೆವು. ಪಡುವಾರಹಳ್ಳಿ, ಸರಸ್ವತಿಪುರಂ, ಕುವೆಂಪುನಗರ ಎಲ್ಲ ಸುತ್ತಿದೆವು. ಗೇಟಿನ ಒಳಗೆ ನಿಂತೇ ಕೇಳುವ ಮೊದಲ ಪ್ರಶ್ನೆ ‘ಯಾವ ಜನ ನೀವು?’ ಎರಡನೆಯದು ‘ನಾನ್‌ವೆಜ್ ಮಾಡ್ತೀರಾ?’ ಮೂರನೆಯದು ‘ಹುಡುಗರು ಬರ್ತಾರಾ?’ ಗೆಳತಿಯ ಜಾತಿ ಕೇಳಿದ ಮೇಲೆ ಒಂದು ಮನೆಯವರು ‘ನಾಳೆ ಫೋನ್ ಮಾಡ್ತೀವಿ’ ಎಂದರು, ಮಾಡಲಿಲ್ಲ. ಅವಳು ದಾರಿಯುದ್ದಕ್ಕೂ ಮಾತಾಡಲಿಲ್ಲ. ಜಾತಿಯ ಇತಿಹಾಸದ ಮೇಲೆ ಸೆಮಿನಾರ್ ಮಾಡಿ, ಅದೇ ವಾರ ಇದನ್ನು ಅನುಭವಿಸುವುದು ವಿದ್ಯಾರ್ಥಿ ಜೀವನದ ಭಾಗವೇ. ಸೇರುವ ಮೊದಲು ಇದನ್ನು ಯಾರಾದರೂ ಹೇಳಿಕೊಡಬೇಕು.

ಕೊನೆಗೆ ಒಬ್ಬ ನಿವೃತ್ತ ಮೇಷ್ಟ್ರು ಏನೂ ಕೇಳದೆ ಮಹಡಿ ಮನೆ ಕೊಟ್ಟರು. ಬಾಡಿಗೆ 9,000, ಮೂವರಿಗೆ ತಲಾ ಮೂರು ಸಾವಿರ. ಅಕ್ಕಿ, ರಾಗಿ ಹಿಟ್ಟು ನಮ್ಮ ಮನೆಯಿಂದ, ಜೋಳದ ಹಿಟ್ಟು ಬೀದರ್ ಗೆಳತಿಯ ಮನೆಯಿಂದ. ಗೃಹಜ್ಯೋತಿ ಬಾಡಿಗೆದಾರರಿಗೂ ಅನ್ವಯಿಸುವುದರಿಂದ ಕರೆಂಟಿನ ಖರ್ಚು ಇರಲಿಲ್ಲ. ಸೊಪ್ಪು, ತರಕಾರಿ ನಂಜುಮಳಿಗೆಯಿಂದ. ಎಲ್ಲ ಸೇರಿದರೂ ಪಿಜಿಗಿಂತ ಕಡಿಮೆಯಾಯಿತು, ಊಟ ಎಷ್ಟೋ ವಾಸಿ. ಅಡ್ವಾನ್ಸ್ 50,000 ಹೊಂದಿಸುವುದೇ ಪಡಿಪಾಟಲು. ಅದಿಲ್ಲದವರಿಗೆ ಈ ದಾರಿ ಮುಚ್ಚಿದ ಹಾಗೆಯೇ.

ಓದಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಸಿಗಲಿಲ್ಲ. ಕೆಸೆಟ್‌ಗೆ ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು 100. ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಗಡಿಯಾರ ಇಟ್ಟುಕೊಂಡು ಕೂರಲು ಮೌನ ಬೇಕು, ಅದು ಅಲ್ಲಿತ್ತು. ಹಾಗೆಂದು ಮೊದಲ ವರ್ಷವೇ ಮನೆ ಮಾಡಿದರೆ ಮೂವರ ಪ್ರಪಂಚ ಮೂವರಲ್ಲೇ ಮುಗಿಯುತ್ತದೆ. ನಮ್ಮ ಮನೆಗೆ ಜನ ಬರುತ್ತಿದ್ದರೆಂದರೆ ಅವರೆಲ್ಲ ಹಾಸ್ಟೆಲ್ಲಿನಲ್ಲಿ ಗಳಿಸಿದ ಸ್ನೇಹಿತೆಯರು. ಅಡುಗೆ, ನೀರು, ಗ್ಯಾಸು ಅಂತ ದಿನಕ್ಕೆ ಎರಡು ಗಂಟೆ ಹೋಗುತ್ತದೆ. ಬೆಳಗಿನ ಕ್ಲಾಸಿಗೆ ಚಕ್ಕರ್ ಹೊಡೆಯುವ ಆಸೆಯೂ ಆಗುತ್ತದೆ. ಹಾಜರಾತಿ 75 ಶೇಕಡ ಇಲ್ಲದಿದ್ದರೆ ಪರೀಕ್ಷೆಗೆ ತೊಂದರೆ.

ಹಾಸ್ಟೆಲ್ ಬೇಕೆನ್ನುವವರು ಪ್ರವೇಶ ಶುಲ್ಕ ಕಟ್ಟಿದ ದಿನವೇ ಅರ್ಜಿ ವಿಚಾರಿಸಿ. ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ, ಇಲಾಖೆಯ ಹಾಸ್ಟೆಲ್‌ಗೂ ವಿಶ್ವವಿದ್ಯಾಲಯದ್ದಕ್ಕೂ ಎರಡೂ ಕಡೆ ಹಾಕಿ. ಹಿಂದುಳಿದ ವರ್ಗದವರಿಗೆ ಸೀಟು ಸಿಗದೇ ಹೋದರೆ ಸರ್ಕಾರದ ವಿದ್ಯಾಸಿರಿ ಸಹಾಯಧನಕ್ಕೆ ಅರ್ಜಿ ಹಾಕಬಹುದು. ನಾವು ಓದುವಾಗ ಆಯ್ಕೆಯಾದವರಿಗೆ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಬರುತ್ತಿತ್ತು. ನಮ್ಮಂಥ ಮನೆಯ ಬಾಡಿಗೆಯಲ್ಲಿ ಒಬ್ಬರ ಪಾಲಿನ ಅರ್ಧ ಅದರಲ್ಲಿ ಕಳೆಯುತ್ತಿತ್ತು.