ಕಾಲಿನ ಊತಕ್ಕೆ ಎರಡು ಮಾತ್ರೆ: ನನಗೆ ಯಾವುದು ಹೊಂದಿತು

ನಾನು ಬಳ್ಳಾರಿಯಲ್ಲಿ ಟೀಚರ್. 22 ವರ್ಷದಿಂದ ನಿಂತೇ ಪಾಠ. ಸಂಜೆ ಮನೆಗೆ ಬರುವಷ್ಟರಲ್ಲಿ ಎಡಗಾಲಿನ ಚೈನು ಚರ್ಮದಲ್ಲಿ ಹೂತಿರುತ್ತಿತ್ತು. ಬಿಚ್ಚಿಟ್ಟರೂ ಅದರ ಅಚ್ಚು ರಾತ್ರಿ ಊಟದ ತನಕ ಹಾಗೇ ಇರುತ್ತಿತ್ತು. ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದ ಮೇಲೆ ಗೊತ್ತಾಯಿತು, ರಕ್ತನಾಳದ ಕವಾಟ ಸರಿಯಾಗಿ ಮುಚ್ಚುತ್ತಿಲ್ಲ. ಮೇಲೆ ಹೋಗಬೇಕಾದ ರಕ್ತ ಕೆಳಗೇ ನಿಲ್ಲುತ್ತಿದೆ.

ಡಾಕ್ಟರು ಮೊದಲು ಬರೆದದ್ದು ಡಯೋಸ್ಮಿನ್ 450, ಹೆಸ್ಪೆರಿಡಿನ್ 50 ಮಿ.ಗ್ರಾಂ ಸೇರಿದ ಮಾತ್ರೆ, ದಿನಕ್ಕೆ ಎರಡು. ಹೆಸ್ಪೆರಿಡಿನ್ ಅಂದರೆ ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆಯಲ್ಲಿ ಇರುವಂಥದ್ದೇ. ಎರಡು ವಾರ ಏನೂ ಅನಿಸಲಿಲ್ಲ, ಸುಮ್ನೆ ದುಡ್ಡು ದಂಡ ಅಂದುಕೊಂಡೆ. ಮೂರನೇ ವಾರದಿಂದ ಮಧ್ಯರಾತ್ರಿ ಮೀನಖಂಡ ಹಿಡಿದುಕೊಳ್ಳುವುದು ಕಮ್ಮಿಯಾಯಿತು. ಕಾಲಿಗೆ ಮರಳಿನ ಚೀಲ ಕಟ್ಟಿದ ಹಾಗಿದ್ದ ಭಾರವೂ ಇಳಿಯಿತು. ಹೊಲಿಗೆ ಟೇಪಿನಲ್ಲಿ ಹರಡಿನ ಸುತ್ತ ಅಳೆಯುತ್ತಿದ್ದೆ. ಬೆಳಿಗ್ಗೆಗೂ ಸಂಜೆಗೂ 2 ಸೆಂ.ಮೀ. ಇದ್ದ ವ್ಯತ್ಯಾಸ ಒಂದೂವರೆಗೆ ಬಂತು, ಅಷ್ಟೇ.

ಬಾವು ಇನ್ನೂ ಇದೆಯಲ್ಲ ಅಂತ ಮೂರು ತಿಂಗಳಾದ ಮೇಲೆ ಕ್ಯಾಲ್ಸಿಯಂ ಡೋಬೆಸಿಲೇಟ್ 500 ಮಿ.ಗ್ರಾಂ ಕೊಟ್ಟರು. ಬಾವಿನ ವಿಷಯದಲ್ಲಿ ಇದೇ ಮೇಲು. ಎರಡು ವಾರದಲ್ಲಿ ವ್ಯತ್ಯಾಸ 1 ಸೆಂ.ಮೀ.ಗೆ ಇಳಿಯಿತು. ಆದರೆ ಊಟದ ಜೊತೆ ತಗೊಂಡರೂ ಹೊಟ್ಟೆ ತೊಳಸುತ್ತಿತ್ತು. ಡಾಕ್ಟರು ಇನ್ನೊಂದು ಮಾತು ಹೇಳಿದ್ದರು: ಜ್ವರ, ಗಂಟಲು ನೋವು, ಬಾಯಿಹುಣ್ಣು ಬಂದರೆ ಮಾತ್ರೆ ನಿಲ್ಲಿಸಿ ತಕ್ಷಣ ಬನ್ನಿ, ಅಪರೂಪಕ್ಕೆ ಬಿಳಿ ರಕ್ತಕಣ ತೀರಾ ಕಡಿಮೆಯಾಗಬಹುದು. ದಿನವಿಡೀ ಪಾಠ ಹೇಳುವವಳಿಗೆ ಗಂಟಲು ನೋವು ಬರದೇ ಇರುತ್ತಾ? ಬಂದಾಗಲೆಲ್ಲ ಎದೆ ಡವಡವ. ಒಂದು ಸಲ ರಕ್ತಪರೀಕ್ಷೆಗೂ ಓಡಿದೆ, ಏನೂ ಇರಲಿಲ್ಲ. ಆದರೂ ಡಾಕ್ಟರನ್ನು ಕೇಳಿ ಮೊದಲಿನ ಮಾತ್ರೆಗೇ ವಾಪಸ್ ಬಂದೆ. ನನಗೆ ಕಾಲಿನ ಭಾರ ಇಳಿದು ನಿದ್ದೆ ಬರುವುದು ಮುಖ್ಯ, ಅರ್ಧ ಸೆಂ.ಮೀ. ಅಲ್ಲ.

ಎರಡರಲ್ಲಿ ಯಾವುದೂ ಕವಾಟ ರಿಪೇರಿ ಮಾಡುವುದಿಲ್ಲ. ಉಬ್ಬಿದ ನರ ಹಾಗೇ ಇದೆ. ಬಿಗಿ ಸ್ಟಾಕಿಂಗ್ಸ್ ಹಾಕಿದ ದಿನ ಟೇಪಿಗೆ ವ್ಯತ್ಯಾಸ ಸಿಗುವುದೇ ಕಷ್ಟ. ಆದರೆ ನಮ್ಮ ಮಾರ್ಚ್ ಬಿಸಿಲಿಗೆ ಅದನ್ನು ಮಧ್ಯಾಹ್ನದ ತನಕ ಇಟ್ಟುಕೊಳ್ಳೋದೇ ಜಾಸ್ತಿ. ಆ ತಿಂಗಳುಗಳಲ್ಲಿ ಮಾತ್ರೆ ನನ್ನ ಕೈ ಹಿಡಿಯುತ್ತದೆ.

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋವು ಬಂದರೆ ಮಾತ್ರ ಯಾವ ಮಾತ್ರೆಯನ್ನೂ ನಂಬಿ ಕೂರಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.